ನಾಯಿ ಸೇಡು ತೀರಿಸಿಕೊಳ್ಳುತ್ತಿದೆಯೇ? ರಿಪೇರಿಯವನೊಬ್ಬನ ದೋಷ ಪತ್ತೆ ಕ್ರಮ

ತುಮಕೂರಿನಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮಿಕ್ಸಿ, ಜಾಮ್ ಆದ ಬೋರ್‌ವೆಲ್ ಪಂಪು, ಗರಗರ ಅನ್ನುವ ಫ್ಯಾನು ಬಿಚ್ಚುತ್ತಾ ಕಟ್ಟುತ್ತಾ ಇಪ್ಪತ್ತೆರಡು ವರ್ಷ ಆಯಿತು. ಇಷ್ಟು ವರ್ಷದಲ್ಲಿ "ನಮ್ಮ ಮಿಕ್ಸಿ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ" ಅಂತ ಹೇಳಿಕೊಂಡು ಕೌಂಟರಿಗೆ ಬಂದವರು ಒಬ್ಬರೂ ಇಲ್ಲ. ಹೊಗೆ ಬಂತು, ಕರಕಲು ವಾಸನೆ ಬಂತು, ತಿರುಗಲಿಲ್ಲ ಅನ್ನುತ್ತಾರೆ. ಆದರೆ ನಮ್ಮ ಕೆಂಚಿ ದಿವಾನದ ಮೇಲೆ ಉಚ್ಚೆ ಹೊಯ್ದ ಬೆಳಿಗ್ಗೆ ನಮ್ಮ ಮನೆಯಲ್ಲಿ ಎರಡೇ ನಿಮಿಷದಲ್ಲಿ ತೀರ್ಪು ಹೊರಬಿತ್ತು.

ಕೆಂಚಿ ಬೀದಿಯಿಂದ ಬಂದವಳು. ಆರು ವರ್ಷ, 18 ಕೆಜಿ, ಸಂತಾನಹರಣ ಚಿಕಿತ್ಸೆ ಆದದ್ದಕ್ಕೆ ಗುರುತಾಗಿ ಒಂದು ಕಿವಿಯ ತುದಿ ಕತ್ತರಿಸಿದೆ. ಮೊಮ್ಮಗಳ ನಾಮಕರಣ ಅಂತ ನಾವೆಲ್ಲ ಮೂರು ದಿನ ಹುಬ್ಬಳ್ಳಿಗೆ ಹೋಗಿದ್ದೆವು. ಪಕ್ಕದ ಮನೆಯ ಹುಡುಗ ಎರಡು ಹೊತ್ತು ಮೊಸರನ್ನ ಹಾಕಿ, ಸಂಜೆ ಒಂದು ಸುತ್ತು ತಿರುಗಾಡಿಸಿ, ರಾತ್ರಿ ನಡುಮನೆಯಲ್ಲೇ ಬಿಟ್ಟು ಬೀಗ ಹಾಕಿಕೊಳ್ಳುತ್ತಿದ್ದ. ನಾವು ಬಂದ ಮರುದಿನ ನಾನು ಹೊದೆಯುವ ಬೆಡ್‌ಶೀಟ್ ಒದ್ದೆ.

"ಬಿಟ್ಟು ಹೋದ್ಯಲ್ಲಪ್ಪಾ ಮೂರು ದಿನ, ಅದ್ಕೇ ನಿನ್ ಹಾಸಿಗೇನೇ ಹುಡುಕ್ಕೊಂಡು ಹೊಯ್ದದೆ. ಮೂಕಪ್ರಾಣಿ ಅನ್ಕೋಬೇಡ, ಎಲ್ಲಾ ಮನಸ್ಸಲ್ಲಿ ಇಟ್ಕೊಂಡಿರ್ತದೆ," ಅಂದರು ಅಮ್ಮ. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುವ ಕಾಲದವರು, ನಾಯಿಗೆ ಒಂದು ವಾರವಾದರೂ ಕೊಡದೆ ಬಿಡುತ್ತಾರೆಯೇ. ನನ್ನ ಹೆಂಡತಿ ಒಳಗಿನಿಂದಲೇ, "ಮೂರು ಜನ ಹೋಗಿದ್ವಿ ರೀ, ನಿಮ್ ಮೇಲೇ ಯಾಕೆ ಅಂತ ಸ್ವಲ್ಪ ಯೋಚ್ನೆ ಮಾಡಿ," ಅಂದಳು. ನಾನು ಬೆಡ್‌ಶೀಟ್ ಎತ್ತಿ ಹಿಡಿದು ಗದರಿದೆ. ಕೆಂಚಿ ಕಿವಿ ಹಿಂದಕ್ಕೆ ಮಡಚಿ, ಬಾಲ ಕಾಲಿನ ನಡುವೆ ಸೇರಿಸಿ, ಮುಖ ಪಕ್ಕಕ್ಕೆ ತಿರುಗಿಸಿದಳು. "ನೋಡು, ಒಪ್ಕೊಳ್ತಾ ಇದೆ," ಅಂದರು ಅಮ್ಮ. ಕೇಸು ಮುಗಿಯಿತು.

ಮುಗಿಯಲಿಲ್ಲ. ನಾಲ್ಕನೇ ದಿನ ಮತ್ತೆ ಒದ್ದೆ. ಆವತ್ತು ನನಗೆ ನನ್ನ ಅಂಗಡಿ ನೆನಪಾಯಿತು. "ಸೇಡು" ಅಂದ ಕೂಡಲೇ ಹುಡುಕುವುದು ನಿಂತುಹೋಗುತ್ತದೆ. ಪಂಪಿಗೆ ದೃಷ್ಟಿ ತಗುಲಿದೆ ಅಂತ ನಿಂಬೆಹಣ್ಣು ಕಟ್ಟಿ, ಸ್ಟಾರ್ಟರ್ ಬಾಕ್ಸ್ ತೆರೆದು ನೋಡದ ಹಾಗೆ. ಆಮೇಲೆ ಓದಿದ್ದು, ಪಶುವೈದ್ಯರನ್ನು ಕೇಳಿದ್ದು, ಕೆಂಚಿಯೊಂದಿಗೆ ಒದ್ದಾಡಿದ್ದು ಸೇರಿಸಿ, ನಾನು ಈಗ ಅನುಸರಿಸುವ ಕ್ರಮವನ್ನು ಬರೆದಿದ್ದೇನೆ.

ಮೊದಲು: ಬಿಚ್ಚಬಾರದ ಪೆಟ್ಟಿಗೆ

ಕರೆಂಟ್ ಇರುವ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಟೆಸ್ಟರ್ ಇಡುತ್ತೇವೆ. ನಾಯಿಯ ವಿಷಯದಲ್ಲೂ ಹಾಗೇ. ನಿನ್ನೆಯವರೆಗೆ ಸಾಧುವಾಗಿದ್ದ ನಾಯಿ ಇವತ್ತು ಏಕಾಏಕಿ ಎಲ್ಲರ ಮೇಲೆ ಎಗರುತ್ತಿದೆ, ಜೊಲ್ಲು ಸುರಿಯುತ್ತಿದೆ, ನೀರು ನುಂಗಲು ಆಗುತ್ತಿಲ್ಲ, ಬೊಗಳುವ ದನಿ ಒಡೆದಿದೆ ಅಂದರೆ ಅದನ್ನು ಮುನಿಸು ಅಂತ ಕೂರಬೇಡಿ. ರೇಬೀಸ್ ಇರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಲೇಬೇಡಿ; ನಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರಿಗೆ ಫೋನ್ ಮಾಡಿ. ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಅರಿಶಿನ ಮೆತ್ತುವುದು, ಖಾರದ ಪುಡಿ ಹಾಕುವುದು ಬೇಡ.

ಎರಡನೆಯದು ನೋವು. ನಮ್ಮ ಬೀದಿಯ ಮನೆಯೊಂದರ ಲ್ಯಾಬ್ರಡಾರ್ ಆ ಮನೆಯ ಚಿಕ್ಕ ಹುಡುಗನನ್ನು ಕಂಡರೆ ಮಾತ್ರ ಗುರ್ ಅನ್ನುತ್ತಿತ್ತು. "ಅವನು ಬಾಲ ಎಳೆದಿದ್ದಾನೆ, ಹಗೆ ಇಟ್ಟುಕೊಂಡಿದೆ" ಅಂತ ಎಲ್ಲರೂ ಹೇಳಿದರು. ಕಿವಿ ಮಡಚಿ ನೋಡಿದರೆ ಒಳಗೆಲ್ಲ ಕಂದು ಬಣ್ಣದ ಕೊಳೆ, ಕೆಟ್ಟ ವಾಸನೆ. ಹುಡುಗ ಮುದ್ದು ಮಾಡುವಾಗ ಕಿವಿಯನ್ನೇ ಹಿಡಿಯುತ್ತಿದ್ದ. ಅಷ್ಟೇ ವಿಷಯ. ಕಿವಿ, ಹಲ್ಲು, ಸೊಂಟ, ಪಾದದ ಬೆರಳ ಸಂದಿಯ ಉಣ್ಣೆಹುಳ: ಈ ನಾಲ್ಕು ಕಡೆ ನೋಡದೆ ನಾಯಿಯ ಸ್ವಭಾವದ ಬಗ್ಗೆ ಮಾತಾಡುವುದು ಕೆಪಾಸಿಟರ್ ನೋಡದೆ ಮೋಟಾರ್ ಬಿಚ್ಚಿದ ಹಾಗೆ.

ನೋಟ್‌ಬುಕ್

ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಪ್ರತಿ ಸಲ ಬರೆಯಬೇಕಾದದ್ದು: ಎಷ್ಟು ಹೊತ್ತಿಗೆ, ಎಲ್ಲಿ, ಆಗ ಮನೆಯಲ್ಲಿ ಯಾರಿದ್ದರು, ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಏನಾಯಿತು, ನಾಯಿ ನಿಂತಿತ್ತೋ ಕೂತಿತ್ತೋ ಮಲಗಿತ್ತೋ. "ಯಾಕೆ" ಅನ್ನುವ ಕಾಲಮ್ ಬೇಡ. ಅದೊಂದು ಕಾಲಮ್ ಇದ್ದರೆ ಮನೆಯವರೆಲ್ಲ ಅದನ್ನೇ ತುಂಬಿಸಿ ಉಳಿದದ್ದನ್ನು ಖಾಲಿ ಬಿಡುತ್ತಾರೆ. ಕನಿಷ್ಠ ಹತ್ತು ದಿನ ಬರೆಯಿರಿ. ಅಷ್ಟರ ಮಟ್ಟಿಗೆ ನಾಯಿಗೆ ಬೈಯುವುದಕ್ಕೂ ರಜೆ ಕೊಡಿ.

ಜೊತೆಗೆ ಎರಡು ಅಳತೆ. ಒಂದು, ನೀರು. ಲೀಟರ್ ಬಾಟಲಿಯಲ್ಲಿ ಅಳೆದು ಬಟ್ಟಲಿಗೆ ಹಾಕಿ, ರಾತ್ರಿ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ಮೈತೂಕದ ಕೆಜಿಗೆ 100 ಮಿಲಿಗಿಂತ ಹೆಚ್ಚು ಕುಡಿಯುತ್ತಿದ್ದರೆ, ಅಂದರೆ 18 ಕೆಜಿಯ ಕೆಂಚಿ 1.8 ಲೀಟರ್ ದಾಟಿದರೆ, ಅದು ಡಾಕ್ಟರ ಹತ್ತಿರ ಹೋಗಬೇಕಾದ ಸೂಚನೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹಾರ್ಮೋನು ಏರುಪೇರು, ಇಂಥವು ಬಹಳ ಸಲ ಮೊದಲು ನೀರಿನ ಬಟ್ಟಲಿನಲ್ಲೇ ಕಾಣಿಸಿಕೊಳ್ಳುತ್ತವೆ. ಮಜ್ಜಿಗೆ, ಗಂಜಿ ಕೊಡುವವರು ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು, ಹಳೆಯ ಮೊಬೈಲ್. ಮನೆಯಿಂದ ಹೊರಡುವಾಗ ವಿಡಿಯೋ ಆನ್ ಮಾಡಿ ಕಪಾಟಿನ ಮೇಲೆ ಇಟ್ಟು ಹೋಗಿ. ಮೊದಲ ಒಂದು ಗಂಟೆ ರೆಕಾರ್ಡ್ ಆದರೆ ಸಾಕು.

ದೋಷ: ಹಾಸಿಗೆ, ಸೋಫಾ, ಕಾಲೊರೆಸು ಒದ್ದೆ

ಸೇಡಿನ ಆರೋಪ ಹೆಚ್ಚು ಬರುವುದು ಇದರಲ್ಲೇ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಒದ್ದೆ ಆದದ್ದು ಎಲ್ಲಿ ಅನ್ನುವುದಕ್ಕಿಂತ ಯಾವ ಆಕಾರದಲ್ಲಿ ಅನ್ನುವುದು ಮುಖ್ಯ. ಗೋಡೆಯ ಮೂಲೆ, ಮಂಚದ ಕಾಲು, ಹೊಸದಾಗಿ ತಂದಿಟ್ಟ ಸೂಟ್‌ಕೇಸು, ಇಂಥ ನೆಟ್ಟಗಿರುವ ವಸ್ತುಗಳ ಮೇಲೆ ಸ್ವಲ್ಪ ಸ್ವಲ್ಪವೇ ಚಿಮ್ಮಿದ್ದರೆ ಅದು ಗುರುತು ಹಾಕುವುದು. ಬೀಜ ಒಡೆಸದ ಗಂಡುನಾಯಿಯಲ್ಲಿ ಜಾಸ್ತಿ. ನೆಂಟರು ಬಂದಾಗ, ಬೇರೆ ನಾಯಿಯ ವಾಸನೆ ಮೆತ್ತಿಕೊಂಡು ನೀವು ಬಂದಾಗ ಇನ್ನೂ ಜಾಸ್ತಿ. ಹುಬ್ಬಳ್ಳಿಯಿಂದ ಬಂದ ಬ್ಯಾಗಿನ ಮೇಲೆ ಕಾಲೆತ್ತಿದ್ದು ಹುಬ್ಬಳ್ಳಿಗೆ ಹೋದದ್ದಕ್ಕೆ ಶಿಕ್ಷೆಯಲ್ಲ. ಆ ಬ್ಯಾಗಿಗೆ ಹತ್ತು ಕಡೆಯ ವಾಸನೆ ಅಂಟಿದೆ, ತನ್ನದೊಂದನ್ನು ಸೇರಿಸಿತು.

ನೀವು ಬಾಗಿಲು ತೆರೆದಾಗ, ಬಗ್ಗಿ ತಲೆ ಸವರುವಾಗ, ಅಥವಾ ಗದರುವಾಗ ನಿಮ್ಮ ಕಾಲ ಬುಡದಲ್ಲೇ ಹೊಯ್ದರೆ ಅದು ಪುಕ್ಕಲುತನ ಅಥವಾ ಸಂಭ್ರಮ. ಮರಿಗಳಲ್ಲಿ ಸಾಮಾನ್ಯ. "ಎದುರಿಗೇ ಮಾಡ್ತದೆ, ಎಷ್ಟು ಕೊಬ್ಬು" ಅಂತ ಗದರಿದರೆ ಮತ್ತಷ್ಟು ಹೊಯ್ಯುತ್ತದೆ. ಮುಖ ನೋಡದೆ ಒಳಗೆ ಹೋಗಿ, ಐದು ನಿಮಿಷ ಬಿಟ್ಟು, ಕುಕ್ಕರುಗಾಲಲ್ಲಿ ಕೂತು ಮಾತಾಡಿಸಿ. ಬಹುಪಾಲು ಮರಿಗಳು ಬೆಳೆಯುತ್ತಾ ಬಿಟ್ಟುಬಿಡುತ್ತವೆ.

ಪದೇ ಪದೇ ಕೂತು ತೊಟ್ಟು ತೊಟ್ಟು ಬಿಡುತ್ತಿದ್ದರೆ, ಉಚ್ಚೆಯಲ್ಲಿ ರಕ್ತದ ಛಾಯೆ ಇದ್ದರೆ, ಆ ಜಾಗವನ್ನೇ ನೆಕ್ಕಿಕೊಳ್ಳುತ್ತಿದ್ದರೆ ಮೂತ್ರದ ಸೋಂಕು ಅಥವಾ ಕಲ್ಲು. ಹೆಣ್ಣುನಾಯಿಗಳಲ್ಲಿ ಸೋಂಕು ಹೆಚ್ಚು. ಶುದ್ಧವಾದ ಡಬ್ಬಿಯಲ್ಲಿ ಬೆಳಗಿನ ಉಚ್ಚೆ ಹಿಡಿದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿಯುತ್ತದೆ. ಸಾಂಬಾರ್ ಸೌಟು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಅದನ್ನು ಸಾಂಬಾರಿಗೆ ಬಳಸುವ ಹಾಗಿಲ್ಲ, ಅದು ಬೇರೆ ಜಗಳ.

ಈಗ ನಮ್ಮ ಕೇಸು. ಹನ್ನೊಂದು ದಿನದ ನೋಟ್‌ಬುಕ್‌ನಲ್ಲಿ ಆರು ಸಲ ಒದ್ದೆ ಅಂತ ಬರೆದಿದ್ದೆ. ಆರರಲ್ಲಿ ಐದು ಬೆಳಗಿನ ಜಾವ, ಒಂದು ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ. ಪ್ರತಿ ಸಲವೂ ಊಟದ ತಟ್ಟೆಯಷ್ಟು ಅಗಲದ ದುಂಡು ಕಲೆ, ಅದು ಮಲಗಿದ್ದ ಜಾಗದಲ್ಲೇ; ಹಿಂಗಾಲಿನ ಕೂದಲೂ ಒದ್ದೆ. ಹೊಯ್ಯಲು ಕುಕ್ಕರಿಸಿ ಕೂತದ್ದನ್ನು ಒಬ್ಬರೂ ಒಂದು ಸಲವೂ ನೋಡಿಲ್ಲ. ನೀರಿನ ಲೆಕ್ಕ ದಿನಕ್ಕೆ ಮುಕ್ಕಾಲು ಲೀಟರ್, ಅಂದರೆ ಮಾಮೂಲು.

ಅಂದರೆ ಕೆಂಚಿ ಉಚ್ಚೆ ಹೊಯ್ಯುತ್ತಿರಲಿಲ್ಲ. ಸೋರುತ್ತಿತ್ತು.

ಆಗ ಹಿತ್ತಲಿಗೆ ಹೋಗಿ ಅವಳ ಹಳೆಯ ಗೋಣಿಚೀಲ ಎತ್ತಿ ನೋಡಿದೆ. ನಡುವಿನ ಜಾಗ ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಗೊತ್ತಾಗುತ್ತಿತ್ತು. ಎಷ್ಟು ತಿಂಗಳಿಂದಲೋ! ಅಮ್ಮ ದಿನಾ ಬೆಳಿಗ್ಗೆ ಹಿತ್ತಲಿಗೆ ನೀರು ಹೊಯ್ದು ಪೊರಕೆ ಆಡಿಸುವುದರಿಂದ ನೆಲದ ಮೇಲಿನದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾವು ಹುಬ್ಬಳ್ಳಿಗೆ ಹೋದ ಮೂರು ರಾತ್ರಿ ಕೆಂಚಿ ಮೊದಲ ಸಲ ನಡುಮನೆಯಲ್ಲಿ ಮಲಗಿದಳು. ನನ್ನ ಬೆಡ್‌ಶೀಟ್ ದಿವಾನದ ಮೇಲೆ ಮುದ್ದೆಯಾಗಿ ಬಿದ್ದಿತ್ತು, ಅದರ ಮೇಲೇ ಮಲಗಿದಳು, ಅಲ್ಲೇ ಅಭ್ಯಾಸವಾಯಿತು. ದೋಷ ಮೊದಲಿನಿಂದ ಇತ್ತು. ನಾವು ಊರಿಗೆ ಹೋದದ್ದರಿಂದ ಅದು ಗೋಣಿಚೀಲದಿಂದ ಬೆಡ್‌ಶೀಟಿಗೆ ವರ್ಗವಾಯಿತು, ಅಷ್ಟೇ. ಊರಿಗೆ ಹೋದದ್ದಕ್ಕೂ ಒದ್ದೆಗೂ ನಂಟು ಇದ್ದದ್ದು ನಿಜ, ಆದರೆ ನಾವು ಅಂದುಕೊಂಡ ನಂಟಲ್ಲ.

ಡಾಕ್ಟರು ಮೊದಲು ಉಚ್ಚೆ ಪರೀಕ್ಷೆ ಮಾಡಿಸಿದರು; ಸೋಂಕಿಲ್ಲ, ಸಕ್ಕರೆ ಇಲ್ಲ. ಗರ್ಭಕೋಶದ ಆಪರೇಷನ್ ಆದ ಕೆಲವು ಹೆಣ್ಣುನಾಯಿಗಳಲ್ಲಿ, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ, ಹಾರ್ಮೋನು ಕಡಿಮೆಯಾಗಿ ಮೂತ್ರನಾಳದ ಬಾಯಿ ಬಿಗಿ ಕಳೆದುಕೊಳ್ಳುತ್ತದಂತೆ. ಎಚ್ಚರ ಇರುವಾಗ ತಡೆಯುತ್ತದೆ, ನಿದ್ದೆಯಲ್ಲಿ ಮೈ ಸಡಿಲಾದಾಗ ಸೋರುತ್ತದೆ. ದೊಡ್ಡ ಮೈಕಟ್ಟಿನ ನಾಯಿಗಳಲ್ಲಿ ಹೆಚ್ಚು ಕಾಣುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ, ನಲ್ಲಿಯ ವಾಷರ್ ಸವೆದಿದೆ. ಮಾತ್ರೆ ಬರೆದುಕೊಟ್ಟರು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಈ ತೊಂದರೆಗೆ ಕೊಡುವ ಮಾತ್ರೆಗಳಲ್ಲಿ ರಕ್ತದೊತ್ತಡ ಏರಿಸುವಂಥವೂ ಇವೆ, ನಿಮ್ಮ ನಾಯಿಗೆ ಯಾವುದು ಅನ್ನುವುದನ್ನು ಪರೀಕ್ಷೆ ಮಾಡಿದವರೇ ಹೇಳಬೇಕು. ಹತ್ತು ದಿನದಲ್ಲಿ ಬೆಡ್‌ಶೀಟ್ ಒಣಗಿತು. ಹಾರ್ಮೋನು ಕೊರತೆಯನ್ನು ನಾನು ಬೈದು ಸರಿಮಾಡಲು ಹೊರಟಿದ್ದೆ ಅನ್ನುವುದು ಈಗಲೂ ಸ್ವಲ್ಪ ಚುಚ್ಚುತ್ತದೆ.

ಒರೆಸುವ ವಿಚಾರ. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಫಿನಾಯಿಲ್. ಅದು ನಮ್ಮ ಮೂಗನ್ನು ಮುಚ್ಚುತ್ತದೆ, ನಾಯಿಯ ಮೂಗನ್ನಲ್ಲ. ಘಾಟು ಆರಿದ ಮೇಲೆ ಹಳೆಯ ವಾಸನೆ ಅಲ್ಲೇ ಇರುತ್ತದೆ, ನಾಯಿ ಅದನ್ನೇ ಕಕ್ಕಸು ಅಂತ ಓದಿಕೊಳ್ಳುತ್ತದೆ. ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕುವ ಪ್ರಾಣಿಗೆ ಫಿನಾಯಿಲ್ ಒಳ್ಳೆಯದೂ ಅಲ್ಲ. ಬ್ಲೀಚಿಂಗ್ ಪೌಡರ್ ಅಂತೂ ಬೇಡ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಗಂಟಲು ಹಿಡಿಯುವ ಅನಿಲ ಬರುತ್ತದೆ. ಮೊದಲು ಬಟ್ಟೆಯಲ್ಲಿ ಒತ್ತಿ ಹೀರಿ, ತಣ್ಣೀರಲ್ಲಿ ತೊಳೆದು, ಆಮೇಲೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ದ್ರಾವಣ ಹಾಕಿ ಅದರ ಪಾಡಿಗೆ ಒಣಗಲು ಬಿಡಿ.

ಇನ್ನೊಂದು ಮಾತು, ಇಡೀ ಸೇಡಿನ ವಾದ ಕುಸಿಯುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಹಾಸಿಗೆಗೆ ಹೊಯ್ಯುವುದು ಅವಮಾನ ಅಂತ ಗೊತ್ತಿರಬೇಕಾದರೆ ಉಚ್ಚೆ ಹೇಸಿಗೆ ಅಂತ ನಾಯಿಗೆ ಅನ್ನಿಸಬೇಕು. ಬೆಳಿಗ್ಗೆ ವಾಕಿಂಗ್ ಹೋದಾಗ ನೋಡಿ: ಲೈಟು ಕಂಬದ ಬುಡವನ್ನು ಅದು ಎಷ್ಟು ಶ್ರದ್ಧೆಯಿಂದ ಮೂಸುತ್ತದೆ! ನಾವು ಟೀ ಕುಡಿಯುತ್ತಾ ಪೇಪರ್ ಓದುವ ಹಾಗೆ. ನಮಗೆ ಬೈಯಬೇಕು ಅಂತ ಅನ್ನಿಸಿದರೆ ನಾವು ಯಾರದೋ ಮನೆ ಮುಂದೆ ದಿನಪತ್ರಿಕೆ ಹಾಕಿ ಬರುತ್ತೇವೆಯೇ?

ದೋಷವಲ್ಲದ ದೋಷ: ತಪ್ಪೊಪ್ಪಿಕೊಂಡ ಮುಖ

ಕೆಂಚಿ ಕಿವಿ ಮಡಚಿದ್ದು ಏನು ಹಾಗಾದರೆ? ಇದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಅಮೆರಿಕದ ಸಂಶೋಧಕಿ 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ನಾನು ಓದಿದ ಪ್ರಯೋಗಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಕಡಿಮೆ. ಯಜಮಾನ ತಿಂಡಿ ತೋರಿಸಿ "ಮುಟ್ಟಬೇಡ" ಅಂತ ಹೇಳಿ ಕೋಣೆಯಿಂದ ಹೊರಗೆ ಹೋಗುತ್ತಾನೆ. ಒಳಗೆ ನಾಯಿ ಆ ತಿಂಡಿ ತಿಂದಿರಬಹುದು, ತಿನ್ನದೆಯೂ ಇರಬಹುದು. ಯಜಮಾನನಿಗೆ ಕೆಲವೊಮ್ಮೆ ನಿಜ ಹೇಳುತ್ತಾರೆ, ಕೆಲವೊಮ್ಮೆ ಸುಳ್ಳು. ತಿಂದಿದೆ ಅಂತ ನಂಬಿದವನು ಬೈಯುತ್ತಾನೆ. ಫಲಿತಾಂಶ: ಆ "ತಪ್ಪಿತಸ್ಥ ಮುಖ" ಬಂದದ್ದು ತಪ್ಪು ಮಾಡಿದಾಗ ಅಲ್ಲ, ಬೈಸಿಕೊಂಡಾಗ. ಏನೂ ತಪ್ಪು ಮಾಡದೆ ಬೈಸಿಕೊಂಡ ನಾಯಿಗಳ ಮುಖದಲ್ಲೇ ಅದು ಇನ್ನೂ ಗಾಢವಾಗಿ ಕಂಡಿತು.

ಮೀಟರ್ ಮುಳ್ಳು ಅಲ್ಲಾಡಿದ್ದು ನಿಜ, ಆದರೆ ಅದು ಅಳೆಯುತ್ತಿದ್ದದ್ದು ನಮ್ಮ ಸಿಟ್ಟನ್ನು.

ಇದರಿಂದ ರಿಪೇರಿಗೆ ಆಗುವ ವ್ಯತ್ಯಾಸ ದೊಡ್ಡದು. ಘಟನೆ ಆಗಿ ಎರಡು ಗಂಟೆ ಬಿಟ್ಟು ಹೊಡೆದರೆ, ಮೂಗನ್ನು ಉಚ್ಚೆಗೆ ಒತ್ತಿದರೆ (ಈ ಪದ್ಧತಿ ಇನ್ನೂ ಇದೆ), ನಾಯಿಗೆ ಅದು ಉಚ್ಚೆಗೆ ಸಂಬಂಧಿಸಿದ್ದು ಅಂತ ಗೊತ್ತಾಗುವುದಿಲ್ಲ. ಹೊಯ್ಯುವ ಕ್ಷಣದಲ್ಲೇ ಹೊಡೆದರೆ ಅದಕ್ಕೆ ಗೊತ್ತಾಗುವ ಪಾಠ ಬೇರೆ: ಈ ಮನುಷ್ಯನ ಎದುರಿಗೆ ಹೊಯ್ಯುವುದು ಅಪಾಯ. ಆಮೇಲೆ ಅದು ಏನು ಮಾಡುತ್ತದೆ? ನೀವು ವಾಕಿಂಗ್ ಕರೆದುಕೊಂಡು ಹೋದರೆ ಅರ್ಧ ಗಂಟೆ ತಿರುಗಿಯೂ ಬಿಡುವುದಿಲ್ಲ, ಮನೆಗೆ ಬಂದು ಸೋಫಾ ಹಿಂದೆ ಹೋಗಿ ಹೊಯ್ಯುತ್ತದೆ. "ನೋಡಿ, ಬೇಕೂಂತ್ಲೇ ಕದ್ದು ಮಾಡ್ತದೆ" ಅನ್ನುವ ಮಾತು ಅಲ್ಲಿಂದ ಶುರು. ಮೊದಲ ದೋಷ ಚಿಕ್ಕದಿತ್ತು. ಎರಡನೆಯದನ್ನು ರಿಪೇರಿಯವನೇ ಮಾಡಿದ.

ದೋಷ: ಚಪ್ಪಲಿ, ಸೋಫಾ, ಬಾಗಿಲು

ವಯಸ್ಸು ನಾಲ್ಕರಿಂದ ಏಳು ತಿಂಗಳಾದರೆ ಹಲ್ಲು. 28 ಹಾಲುಹಲ್ಲು ಬಿದ್ದು 42 ಬರುವ ಸಮಯ. ವಸಡು ನವೆಯುತ್ತದೆ, ಸಿಕ್ಕಿದ್ದನ್ನು ಅಗಿಯುತ್ತದೆ. ಚಪ್ಪಲಿಯನ್ನು ಕಪಾಟಿಗೆ ಹಾಕಿ, ಅಗಿಯಲು ಬೇರೆ ಏನಾದರೂ ಕೊಡಿ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ.

ದೊಡ್ಡ ನಾಯಿಯಾದರೆ ಮೊಬೈಲ್ ವಿಡಿಯೋ ನೋಡಿ. ಎರಡು ಬೇರೆ ಬೇರೆ ಚಿತ್ರ ಕಾಣುತ್ತವೆ. ಒಂದರಲ್ಲಿ ನಾಯಿ ಸ್ವಲ್ಪ ಹೊತ್ತು ಮಲಗಿ, ಎದ್ದು, ಆಕಳಿಸಿ, ದಿಂಬನ್ನು ಹಿಡಿದು ಬಾಲ ಎತ್ತಿಕೊಂಡು ಹತ್ತಿ ಹಾರಿಸುತ್ತದೆ. ಅದಕ್ಕೆ ಬೇಜಾರು, ಮೈಯಲ್ಲಿ ಖರ್ಚಾಗದ ಕಸುವು. ಮುಧೋಳ ನಾಯಿಯನ್ನು ಎರಡು ಬೆಡ್‌ರೂಮ್ ಮನೆಯಲ್ಲಿ ಇಟ್ಟುಕೊಂಡವರು ಇದನ್ನು ಮೊದಲು ಅನುಮಾನಿಸಬೇಕು. ಬಾಗಲಕೋಟೆ ಕಡೆಯ ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದೇ ಬೆಳೆಸಿದ ಪ್ರಾಣಿ ಅದು. ಹತ್ತು ನಿಮಿಷ ಚೈನು ಹಿಡಿದು ಪಾರ್ಕ್ ಸುತ್ತಿಸಿದರೆ ಉಳಿದ ಓಟವನ್ನು ಸೋಫಾದ ಮೇಲೆ ಓಡುತ್ತದೆ.

ಇನ್ನೊಂದು ಚಿತ್ರ ನೋಡಲು ಕಷ್ಟ. ನೀವು ಗೇಟು ದಾಟಿದ ಅರ್ಧ ಗಂಟೆಯ ಒಳಗೇ ಶುರು: ಬಾಗಿಲ ಹತ್ತಿರ ಅತ್ತಿತ್ತ ಓಡಾಟ, ಏದುಸಿರು, ಜೊಲ್ಲು, ಊಳಿಡುವುದು, ಬಾಗಿಲ ಚೌಕಟ್ಟನ್ನು ಕೆರೆದು ಉಗುರಲ್ಲಿ ರಕ್ತ. ಇಟ್ಟುಹೋದ ಬಿಸ್ಕತ್ತನ್ನೂ ಮುಟ್ಟಿರುವುದಿಲ್ಲ. ಇದು ಒಂಟಿಯಾಗುವ ದಿಗಿಲು. ಹಾಳಾದ ಜಾಗದ ನಕ್ಷೆಯೇ ಹೇಳುತ್ತದೆ: ಹಾನಿ ಬಾಗಿಲು, ಕಿಟಕಿಯ ಸುತ್ತ ಇದ್ದರೆ ಅದು ನಿಮ್ಮ ಹಿಂದೆ ಬರಲು ನೋಡಿದೆ. ನಿಮ್ಮನ್ನು ನೋಯಿಸಲು ಹೊರಟ ನಾಯಿ ತನ್ನ ಉಗುರನ್ನೇ ಕಿತ್ತುಕೊಳ್ಳುವುದಿಲ್ಲ.

"ನನ್ನ ಚಪ್ಪಲಿಯನ್ನೇ ಆರಿಸಿ ಕಚ್ಚುತ್ತದೆ" ಅನ್ನುವವರಿಗೆ: ಹೌದು, ಆರಿಸುತ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗೊರಿ ಬರ್ನ್ಸ್ ತಂಡ 12 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಅಲ್ಲಾಡದೆ ಮಲಗಲು ಕಲಿಸಿ, ಐದು ಬಗೆಯ ವಾಸನೆ ತೋರಿಸಿತು: ತನ್ನದೇ, ಗೊತ್ತಿರುವ ನಾಯಿಯದು, ಗೊತ್ತಿಲ್ಲದ ನಾಯಿಯದು, ಗೊತ್ತಿರುವ ಮನುಷ್ಯನದು, ಗೊತ್ತಿಲ್ಲದ ಮನುಷ್ಯನದು. ಮಿದುಳಿನಲ್ಲಿ ಒಳ್ಳೆಯದನ್ನು ನಿರೀಕ್ಷಿಸುವಾಗ ಚುರುಕಾಗುವ ಭಾಗ ಹೆಚ್ಚು ಎಚ್ಚೆತ್ತದ್ದು ಗೊತ್ತಿರುವ ಮನುಷ್ಯನ ಬೆವರಿಗೆ. ನಿಮ್ಮ ಚಪ್ಪಲಿಯಲ್ಲಿ ನೀವು ಹೆಚ್ಚು ಇದ್ದೀರಿ. ಕೆಂಚಿ ನನ್ನ ಬೆಡ್‌ಶೀಟನ್ನೇ ಹುಡುಕಿಕೊಂಡದ್ದೂ ಹಾಗೇ. "ನಿಮ್ ಮೇಲೇ ಯಾಕೆ" ಅನ್ನುವ ಹೆಂಡತಿಯ ಪ್ರಶ್ನೆಗೆ ಇದನ್ನು ಉತ್ತರವಾಗಿ ಓದಿ ಹೇಳಿದೆ. ಅವಳಿಗೆ ಅಷ್ಟು ಇಷ್ಟವಾಗಲಿಲ್ಲ.

ಒಂಟಿ ದಿಗಿಲಿಗೆ ಮದ್ದು ನಿಧಾನದ್ದು. ಬೀಗದ ಕೈ ಎತ್ತಿ ಸದ್ದು ಮಾಡಿ ಮತ್ತೆ ಕೂರುವುದು, ಅರ್ಧ ನಿಮಿಷ ಹೊರಗೆ ನಿಂತು ಬರುವುದು, ಎರಡು ನಿಮಿಷ, ಐದು ನಿಮಿಷ. ದಿಗಿಲು ಶುರುವಾಗುವ ಮುಂಚೆ ವಾಪಸ್. ವಾರಗಟ್ಟಲೆ ಹಿಡಿಯುತ್ತದೆ. ಗಟ್ಟಿ ಕೇಸುಗಳಿಗೆ ಪಶುವೈದ್ಯರು ಮಾತ್ರೆಯನ್ನೂ ಕೊಡುತ್ತಾರೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಹಾನಿ ಆದ ದಿನ ಗುಡುಗು ಇತ್ತೇ, ಪಟಾಕಿ ಇತ್ತೇ ಅನ್ನುವುದನ್ನೂ ನೋಟ್‌ಬುಕ್‌ನಲ್ಲಿ ನೋಡಿ. ಏಪ್ರಿಲ್ ಮೇ ತಿಂಗಳ ಸಂಜೆ ಮಳೆ, ದೀಪಾವಳಿಯ ವಾರ, ಇವೆರಡರಲ್ಲೇ ಹಾನಿ ಗುಂಪಾಗಿ ಬಂದಿದ್ದರೆ ದಾರಿ ಬೇರೆ.

ಹನ್ನೊಂದು ಹನ್ನೆರಡು ವರ್ಷ ದಾಟಿದ ನಾಯಿ ಮೂಲೆಯಲ್ಲಿ ಗೋಡೆ ನೋಡುತ್ತಾ ನಿಲ್ಲುವುದು, ರಾತ್ರಿಯೆಲ್ಲ ಓಡಾಡುವುದು, ಮನೆಯೊಳಗೆ ಹೊಯ್ಯುವುದು ಮಾಡಿದರೆ ಅದಕ್ಕೆ ಅರುಳುಮರುಳು ಶುರುವಾಗಿರಬಹುದು. ಅದನ್ನೂ ಹಠ ಅಂದವರಿದ್ದಾರೆ.

ದೋಷ: ಮನೆಗೆ ಮಗು ಬಂದ ಮೇಲೆ, ಎರಡನೇ ನಾಯಿ ಬಂದ ಮೇಲೆ

ಇಲ್ಲಿ ನಾನು ಅಮ್ಮನ ಪಕ್ಷಕ್ಕೆ ಅರ್ಧ ದೂರ ಹೋಗುತ್ತೇನೆ. ನಾಯಿಗೆ ಹೊಟ್ಟೆಕಿಚ್ಚಿನಂಥದ್ದು ಏನೋ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 2014ರಲ್ಲಿ ನಡೆದ ಅಧ್ಯಯನದಲ್ಲಿ 36 ನಾಯಿಗಳ ಎದುರಿಗೆ ಅವುಗಳ ಯಜಮಾನರು ಬೊಗಳಿ ಬಾಲ ಅಲ್ಲಾಡಿಸುವ ಗೊಂಬೆನಾಯಿಯನ್ನು ಮುದ್ದು ಮಾಡಿದರು. ಯಜಮಾನರು ಪುಸ್ತಕ ಓದುವಾಗ ಬಹುಪಾಲು ಸುಮ್ಮನಿದ್ದ ನಾಯಿಗಳು ಈಗ ಮಧ್ಯೆ ತೂರಿ ಬಂದವು, ಯಜಮಾನರನ್ನು ತಳ್ಳಿದವು. ವಿಯೆನ್ನಾದಲ್ಲಿ ಫ್ರೀಡರಿಕೆ ರಾಂಗೆ ತಂಡದ 2008ರ ಪ್ರಯೋಗ ಇನ್ನೂ ಸೊಗಸು: ಎರಡು ನಾಯಿಗಳು ಪಕ್ಕ ಪಕ್ಕ ಕೂತು ಕೈ ಕೊಡಬೇಕು, ಒಂದಕ್ಕೆ ತಿಂಡಿ, ಇನ್ನೊಂದಕ್ಕೆ ಏನೂ ಇಲ್ಲ. ಸಿಗದ ನಾಯಿ ಬೇಗನೆ ಕೈ ಕೊಡುವುದನ್ನೇ ನಿಲ್ಲಿಸಿತು. ಒಂಟಿಯಾಗಿ ಇದ್ದಾಗ ತಿಂಡಿ ಇಲ್ಲದೆಯೂ ಅದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಿತ್ತು. ಆದರೆ ಒಂದಕ್ಕೆ ಸಾಸೇಜು, ಇನ್ನೊಂದಕ್ಕೆ ಬ್ರೆಡ್ಡು ಕೊಟ್ಟರೆ ಅಭ್ಯಂತರವಿಲ್ಲ! ನಮ್ಮ ಮದುವೆ ಮನೆಯ ಪಂಕ್ತಿಯಲ್ಲಿ ಅಷ್ಟು ಔದಾರ್ಯ ಕಾಣುವುದು ಕಷ್ಟ.

ಗಮನಿಸಬೇಕಾದದ್ದು, ಇದೆಲ್ಲ ಕಣ್ಣೆದುರಿಗೆ, ಆ ಗಳಿಗೆಯಲ್ಲಿ ನಡೆದದ್ದು. ಮಧ್ಯೆ ನುಗ್ಗುವುದು, ಕೈ ಕೊಡದಿರುವುದು. ರಾತ್ರಿ ಯೋಜನೆ ಹಾಕಿ ಬೆಳಿಗ್ಗೆ ತೀರಿಸುವುದು ಅಲ್ಲ. ಹಾಗಾಗಿ ಮಗು ಬಂದ ಮನೆಯಲ್ಲಿ ಮೊದಲು ನೋಡಬೇಕಾದದ್ದು ಗಡಿಯಾರ. ಬಾಣಂತನದ ಗಡಿಬಿಡಿಯಲ್ಲಿ ಬೆಳಗಿನ ಏಳರ ವಾಕಿಂಗ್ ಹನ್ನೊಂದಕ್ಕೆ ಹೋಗಿರುತ್ತದೆ, ಊಟ ಏರುಪೇರಾಗಿರುತ್ತದೆ, ಒಳಕೋಣೆಗೆ ಪ್ರವೇಶ ನಿಂತಿರುತ್ತದೆ. ಏಳು ಗಂಟೆಗೆ ಹೊರಗೆ ಹೋಗಿ ಅಭ್ಯಾಸವಾದ ಮೂತ್ರಕೋಶಕ್ಕೆ ಮಗು ಹುಟ್ಟಿದ್ದು ಗೊತ್ತಿಲ್ಲ. ವೇಳೆ ಸರಿಮಾಡಿ, ಮಗುವಿನ ಹತ್ತಿರ ಇರುವಾಗಲೇ ನಾಯಿಗೂ ಒಂದು ಚೂರು ರೊಟ್ಟಿ ಸಿಗಲಿ. ಮಗು ಮತ್ತು ನಾಯಿಯನ್ನು ಮಾತ್ರ ಯಾವ ಕಾರಣಕ್ಕೂ ಇಬ್ಬರನ್ನೇ ಬಿಡಬೇಡಿ.

ನಿಜವಾಗಿಯೂ ನೆನಪಿಟ್ಟುಕೊಂಡಿದ್ದರೆ

ನಾಯಿಗೆ ನೆನಪಿಲ್ಲ ಅಂತ ನಾನು ಹೇಳುತ್ತಿಲ್ಲ. ಬುಡಾಪೆಸ್ಟಿನಲ್ಲಿ 2016ರಲ್ಲಿ 17 ನಾಯಿಗಳು, ತಮ್ಮನ್ನು ಕೇಳುತ್ತಾರೆ ಅನ್ನುವ ನಿರೀಕ್ಷೆಯೇ ಇಲ್ಲದಾಗಲೂ, ಯಜಮಾನ ಒಂದು ಗಂಟೆ ಹಿಂದೆ ಮಾಡಿದ ಕೆಲಸವನ್ನು ನೆನಪಿಸಿಕೊಂಡು ಮಾಡಿ ತೋರಿಸಿದವು. ಹೊತ್ತು ಹೋದಷ್ಟೂ ನೆನಪು ಮಸುಕಾಗುತ್ತಿತ್ತು. ಹೆದರಿಕೆಯ ನೆನಪು ಮಾತ್ರ ಹಾಗೆ ಮಸುಕಾಗುವುದಿಲ್ಲ. ಒಂದೇ ಸಲದ ಏಟು ವರ್ಷಗಟ್ಟಲೆ ಉಳಿಯುತ್ತದೆ. ನಾಯಿ ಹಿಡಿಯುವ ಗಾಡಿ ತಿರುವಿನಲ್ಲಿ ಬಂದರೆ ಸಾಕು, ಇಡೀ ಬೀದಿಯ ನಾಯಿಗಳು ಬೊಗಳುವುದನ್ನು ಎಲ್ಲರೂ ನೋಡಿದ್ದೇವೆ. ನಾವು ಹಗೆ ಅನ್ನುವುದು ಬಹುಪಾಲು ಇದನ್ನೇ.

ಕೆಂಚಿಗೆ ಗ್ಯಾಸ್ ಸಿಲಿಂಡರ್ ತರುವ ಹುಡುಗನನ್ನು ಕಂಡರೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ಅವನ ಕೈಯಿಂದ ಖಾಲಿ ಸಿಲಿಂಡರ್ ಜಾರಿ ಅವಳ ಪಕ್ಕದಲ್ಲೇ ಠಣ್ ಅಂತ ಬಿದ್ದಿತ್ತು. ಅಂದಿನಿಂದ ಗೇಟಿನಲ್ಲಿ ಅವನು ನಿಂತರೆ ಹಲ್ಲು ಕಿಸಿದು ಬೊಗಳುತ್ತಾಳೆ. "ಇದು ಹಗೆ ಅಲ್ದೆ ಇನ್ನೇನಪ್ಪಾ?" ಅಂತ ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ.

ಅಂಗಡಿಯಲ್ಲಿ ಇಂಥದ್ದಕ್ಕೆ ಒಂದು ಉಪಾಯ ಇದೆ: ಅನುಮಾನದ ಭಾಗವನ್ನು ಬದಲಿಸಿ ನೋಡುವುದು. ಹೊಸ ಕೆಪಾಸಿಟರ್ ಹಾಕಿದ ಮೇಲೂ ಮೋಟಾರ್ ಗುಂಯ್‌ಗುಟ್ಟಿದರೆ ತಪ್ಪು ಅದರದಲ್ಲ. ಒಂದು ಭಾನುವಾರ ಆ ಹುಡುಗ ತನ್ನ ಮನೆಯ ಟೇಬಲ್ ಫ್ಯಾನ್ ರಿಪೇರಿಗೆ ಕೊಡಲು ಮನೆಗೇ ಬಂದ. ಲುಂಗಿ, ಟೀಶರ್ಟು, ಸಿಲಿಂಡರ್ ಇಲ್ಲ. ನಾನು ಬೆಲ್ಟು ಹಿಡಿದುಕೊಂಡು ನಿಂತೆ. ಕೆಂಚಿ ದೂರದಿಂದ ಮೂಸಿದಳು, ಹತ್ತಿರ ಹೋಗಿ ಮೂಸಿದಳು, ಬಾಲ ನಿಧಾನಕ್ಕೆ ಅಲ್ಲಾಡಿತು. ಬುಧವಾರ ಯಾರೋ ಬೇರೆಯವರು ಸಿಲಿಂಡರ್ ತಂದರು. ಗಾಡಿಯಲ್ಲಿ ಸಿಲಿಂಡರ್‌ಗಳು ಒಂದಕ್ಕೊಂದು ತಾಗಿದ ಸದ್ದು ಬೀದಿ ಕೊನೆಯಲ್ಲಿ ಕೇಳಿದಾಗಲೇ ಇವಳು ಗೇಟಿಗೆ ಹಾರಿದ್ದಳು. ಹಗೆ ಇದ್ದಿದ್ದರೆ ಮನುಷ್ಯನ ಮೇಲೆ ಇರಬೇಕಿತ್ತು. ಇದ್ದದ್ದು ಸದ್ದಿನ ಮೇಲೆ, ಅದೂ ಹೆದರಿಕೆ.

ಸದ್ದಿನ ಹೆದರಿಕೆಗೆ ಬೈಗುಳ ಕೆಲಸಕ್ಕೆ ಬಾರದು, ದೂರ ಕೆಲಸಕ್ಕೆ ಬರುತ್ತದೆ. ನಾಯಿ ಸದ್ದು ಕೇಳಿಯೂ ಬಿಸ್ಕತ್ತು ತಿನ್ನಬಲ್ಲ ದೂರ ಯಾವುದೋ ಅಲ್ಲಿಂದ ಶುರು ಮಾಡಬೇಕು. ತಿನ್ನದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ, ಹಿಂದಕ್ಕೆ ಹೋಗಿ. ನಾನು ಹಿತ್ತಲಿನಲ್ಲಿ ಖಾಲಿ ಸಿಲಿಂಡರಿಗೆ ಗೋಣಿ ಸುತ್ತಿ ಸ್ಪ್ಯಾನರ್‌ನಿಂದ ಮೆತ್ತಗೆ ತಟ್ಟುವುದು, ಸದ್ದು ಆದ ಕೂಡಲೇ ಹೆಂಡತಿ ನಡುಮನೆಯಲ್ಲಿ ಒಂದು ಚೂರು ಮಾರಿ ಬಿಸ್ಕತ್ತು ಹಾಕುವುದು. ಸದ್ದು ಮೊದಲು, ಬಿಸ್ಕತ್ತು ಆಮೇಲೆ. ತಿರುಗುಮುರುಗಾದರೆ ಬಿಸ್ಕತ್ತು ಕಂಡರೇ ಹೆದರಲು ಕಲಿಯುತ್ತದೆ. ದಿನಕ್ಕೆ ಐದು ಸಲ ಮೀರಬಾರದು. ಮೂರನೇ ವಾರಕ್ಕೆ ಗೋಣಿ ತೆಗೆದೆವು.

ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ, ದಿನಾ ಸಂಜೆ ಸಿಲಿಂಡರ್ ಯಾಕೆ ಬಡಿಯುತ್ತೀರಿ ಅಂತ ಕೇಳಿದರು. ಅಮ್ಮ, "ನಾಯಿಗೆ ಪಾಠ ಹೇಳ್ಕೊಡ್ತಾವ್ನೆ" ಅಂದರು. ಕಳೆದ ತಿಂಗಳು ಸಿಲಿಂಡರ್ ಬಂದಾಗ ಕೆಂಚಿ ಗೇಟಿನಿಂದ ಹದಿನೈದು ಅಡಿ ಹಿಂದೆ ನಿಂತು, ಎರಡು ಸಲ ಬೊಗಳಿ, ತಿರುಗಿ ನನ್ನ ಜೇಬು ನೋಡಿದಳು. ನಿಜವಾದ ಸಿಲಿಂಡರ್ ತಿಂಗಳಿಗೆ ಒಂದೇ ಬರುವುದರಿಂದ ಕೆಲಸ ನಿಧಾನ.